ಲೆಕ್ಕಕ್ಕೆ ಬಾರದ ಖರ್ಜೂರ

ನಾನು ನಿವೃತ್ತಳಾದ ದಿನ ಕಚೇರಿಯವರು ಕೊಟ್ಟ ಗಾಜಿನ ಫಲಕ ಈಗ ಮಿರ್ದಿಫಿನಲ್ಲಿರುವ ಮಗಳ ಮನೆಯ ಶೋಕೇಸಿನಲ್ಲಿದೆ. ಮೊನ್ನೆ ಮೊಮ್ಮಗಳು ಅದನ್ನು ಕೈಯಲ್ಲಿ ಹಿಡಿದು, "ಅಜ್ಜೀ, ವಾಟ್ ಡಿಡ್ ಯು ಆಕ್ಚುಲಿ ಡೂ?" ಎಂದು ಕೇಳಿದಳು. ಜನರ ಮನೆಗೆ ಹೋಗಿ ರಕ್ತ ತೆಗೆದುಕೊಂಡು ಬರುತ್ತಿದ್ದೆ ಎಂದೆ. "ಲೈಕ್ ಎ ಮಸ್ಕಿಟೋ?" ಎಂದಳು.

ಮಗಳು ಅವಳನ್ನು ಗದರಿದಳು. ನನಗೇನೂ ಬೇಸರವಾಗಲಿಲ್ಲ. ಸೊಳ್ಳೆಯೂ ರಕ್ತ ತೆಗೆದುಕೊಂಡು ಹೋಗುತ್ತದೆ, ಅದರಿಂದ ಏನು ತಿಳಿಯಿತೆಂದು ಹೇಳಲು ತಿರುಗಿ ಬರುವುದಿಲ್ಲ. ನಮ್ಮ ಕೆಲಸದಲ್ಲಿಯೂ ಹಾಗೆ ಮಾಡುವವರಿದ್ದಾರೆ. ನಾನೂ ಒಮ್ಮೆ ಹಾಗಾಗುವುದರಲ್ಲಿದ್ದೆ. ಈ ಕೆಲಸಕ್ಕೆ ಹೊಸದಾಗಿ ಸೇರುವ ನಮ್ಮ ಕಡೆಯ ನರ್ಸ್ ಹುಡುಗಿಯರು ಆಗಾಗ ಫೋನು ಮಾಡಿ, "ಸುನಂದಕ್ಕ, ಫೀಲ್ಡ್ ಕೆಲಸ ಹೇಗೆ?" ಎಂದು ಕೇಳುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಬಡ್ತಿ, ಸನ್ಮಾನಗಳೆಲ್ಲ ಆ ಫಲಕದಲ್ಲೇ ಇರಲಿ.

ಉಡುಪಿಯ ಕಡೆಯಿಂದ ಗಲ್ಫಿನ ಅಲ್ ಐನ್ ಊರಿಗೆ ಬಂದು ವಾರ್ಡಿನಲ್ಲಿ ವರ್ಷಗಟ್ಟಲೆ ದುಡಿದ ಮೇಲೆ ನನ್ನ ಬೆನ್ನು ಮುಷ್ಕರ ಹೂಡಿತು. ಎರಡು ಸಾವಿರದ ಹತ್ತರ ದಶಕ ಆಗಷ್ಟೇ ಶುರುವಾಗಿತ್ತು. ಹಗಲು ಪಾಳಿಯ ಕೆಲಸ ಹುಡುಕುತ್ತಿದ್ದಾಗ ಒಂದು ಆರೋಗ್ಯ ಸಮೀಕ್ಷೆಗೆ ಅರಬ್ಬಿ ಮಾತಾಡಬಲ್ಲ ನರ್ಸ್ ಬೇಕೆಂದು ತಿಳಿಯಿತು. ಅಲ್ ಐನ್ ಸುತ್ತಲಿನ ಮರಳುಗಾಡಿನ ಮೂಲ ಕುಟುಂಬಗಳ ಸಮೀಕ್ಷೆ ಅದು. ಎರಡು ತಲೆಮಾರಿನ ಹಿಂದಿನವರೆಗೂ ಒಂಟೆ ಆಡುಗಳ ಜೊತೆ ಗುಡಾರದಲ್ಲಿ ಬದುಕಿದವರು ಈಗ ಏಸಿ ಹಾಕಿದ ವಿಲ್ಲಾಗಳಲ್ಲಿದ್ದಾರೆ. ಈ ಬದಲಾವಣೆಗೆ ಅವರ ದೇಹ ಹೇಗೆ ಹೊಂದಿಕೊಂಡಿದೆ, ಸಕ್ಕರೆ ಕಾಯಿಲೆ, ರಕ್ತದೊತ್ತಡ ಎಷ್ಟು ಮಂದಿಗಿದೆ ಎಂದು ನೋಡಬೇಕಿತ್ತು. ಬೆಳಿಗ್ಗೆ ಬೇಗ ಮನೆಗೆ ಹೋಗುವುದು, ಪ್ರಶ್ನೆ ಕೇಳುವುದು, ತೂಕ ಎತ್ತರ ಅಳೆಯುವುದು, ಖಾಲಿ ಹೊಟ್ಟೆಯ ರಕ್ತ ತೆಗೆಯುವುದು. ಇಷ್ಟೇ ತಾನೇ ಎಂದುಕೊಂಡು ಸೇರಿದೆ.

ಮೊದಲ ತಿಂಗಳೇ ಗೊತ್ತಾಯಿತು, ಇಷ್ಟೇ ಅಲ್ಲ. ದಪ್ಪ ಜಮಖಾನೆಯ ಮೇಲೆ ತೂಕದ ಯಂತ್ರ ಇಟ್ಟು ಒಂದಿಡೀ ಮನೆಯವರನ್ನು ತೆಳ್ಳಗೆ ಮಾಡಿದೆ. ಒಂದು ಮಗುವನ್ನು ಎತ್ತಿ "ಎಷ್ಟು ಗುಂಡಗಿದೆ" ಎಂದೆ, ಮಾಶಾಅಲ್ಲಾ ಎನ್ನಲು ಮರೆತೆ. ಅದರ ಅಜ್ಜಿ ಅದನ್ನು ನನ್ನ ಕೈಯಿಂದ ಕಸಿದುಕೊಂಡು ಒಳಗೆ ಹೋದವರು ನಾವು ಹೊರಡುವವರೆಗೂ ಈಚೆ ಬರಲಿಲ್ಲ. ನಮ್ಮೂರಲ್ಲೂ ಹೊಗಳಿದರೆ ದೃಷ್ಟಿ ತಾಗುತ್ತದೆಂದು ಮಗುವಿಗೆ ಕಪ್ಪು ಬೊಟ್ಟು ಇಡುತ್ತಾರೆ. ಅದು ಗೊತ್ತಿದ್ದೂ ಇಲ್ಲಿ ನೆನಪಾಗಲಿಲ್ಲ. ವಯಸ್ಸು ಕೇಳಿದರೆ ವಯಸ್ಸಾದ ಹೆಂಗಸರು ತಾವು ಹುಟ್ಟಿದ ವರ್ಷ ಯಾವ ಕಣಿವೆಯಲ್ಲಿ ನೀರು ಬಂದಿತ್ತು ಎಂದು ಹೇಳುತ್ತಿದ್ದರು. ಆಗ ಇನ್ನೂ ಕಾಗದದ ಫಾರ್ಮು. ಅಂಚಿನಲ್ಲಿ ಅದನ್ನೆಲ್ಲ ಬರೆದುಕೊಳ್ಳಬಹುದಿತ್ತು. ಆಮೇಲೆ ಬಂದ ಟ್ಯಾಬ್ಲೆಟ್ಟಿನಲ್ಲಿ ಅಂಚೇ ಇಲ್ಲ.

ನಮ್ಮ ಮುಖ್ಯಸ್ಥರು ಸುಡಾನಿನ ಡಾಕ್ಟರ್ ಇದ್ರೀಸ್. ಮೂಗಿನ ತುದಿಯಲ್ಲೇ ಕೋಪ, ಜೇಬಿನಲ್ಲಿ ಸದಾ ಕೆಂಪು ಪೆನ್ನು. ನಾನು ಅಂದಾಜಿನಲ್ಲಿ ತುಂಬಿದ ಒಂದು ವಯಸ್ಸಿಗೆ ಅಡ್ಡಗೆರೆ ಎಳೆದು ಹೇಳಿದರು: "ಗೊತ್ತಿಲ್ಲದಿದ್ದರೆ ಖಾಲಿ ಬಿಡು, ಸಿಸ್ಟರ್. ಖಾಲಿ ಜಾಗ ನನಗೆ ಮೋಸ ಮಾಡುವುದಿಲ್ಲ." ಆ ದಿನ ಅವರನ್ನು ಮನಸ್ಸಿನಲ್ಲೇ ಬೈದುಕೊಂಡಿದ್ದೆ.

ನಮ್ಮ ಗಾಡಿಯ ಡ್ರೈವರ್ ಪುತ್ತೂರಿನ ಮೊಯ್ದೀನ್. ಹತ್ತಿರ ಹತ್ತಿರ ನನ್ನದೇ ಪ್ರಾಯ. ಯಾವ ಮರಳು ದಾರಿ ಯಾರ ಮನೆಗೆ ಹೋಗುತ್ತದೆ, ಯಾರ ಮನೆಗೆ ಯಾರು ಬೀಗರು ಎಂಬುದೆಲ್ಲ ಅವರಿಗೆ ಬಾಯಿಪಾಠ. ಹೆಂಗಸರ ಕೋಣೆಯೊಳಗೆ ಅವರು ಬರುವಂತಿರಲಿಲ್ಲ. ಹಾಗಾಗಿ ಪಾಠವೆಲ್ಲ ಗಾಡಿಯಲ್ಲೇ. "ಅಕ್ಕ, ಎಂತ ಅರ್ಜೆಂಟ್ ಇದ್ರೂ ಕಾಫಿ ಆಗುವ ಮೊದಲು ಕೆಲಸದ ಮಾತು ತೆಗಿಬೇಡಿ ಆಯ್ತಾ. ಕಾಫಿ ಬೇಡ ಅಂತ ಮಾತ್ರ ಹೇಳ್ಲೇಬೇಡಿ. ಹಾಗೆ ಹೇಳಿದ್ರೆ ಮತ್ತೆ ಆ ಮನೆಗೆ ನಾವು ಹೋಗ್ಲಿಕ್ಕಿಲ್ಲ."

ಹೀಗೆ ನಾವು ಉಮ್ ಹಮದ್ ಅವರ ಮನೆಗೆ ಹೋದೆವು. ಉಮ್ ಹಮದ್ ಎಂದರೆ ಹಮದನ ತಾಯಿ. ಅಲ್ಲಿ ಹೆಂಗಸರನ್ನು ಹಿರಿಯ ಮಗನ ಹೆಸರಿನಿಂದಲೇ ಕರೆಯುವುದು. ಅರವತ್ತು ದಾಟಿದ, ಬಿದಿರಿನ ಹಾಗೆ ನೆಟ್ಟಗಿದ್ದ ಹೆಂಗಸು. ಸುತ್ತಲಿನ ಹತ್ತಾರು ಮನೆಗಳಿಗೆ ಅವರದೇ ಮಾತು. ಅವರು ಹೂಂ ಎಂದರೆ ಉಳಿದ ಹೆಂಗಸರೆಲ್ಲ ಸಮೀಕ್ಷೆಗೆ ಬರುತ್ತಿದ್ದರು, ಊಹೂಂ ಎಂದರೆ ನಾವು ಗಾಡಿ ತಿರುಗಿಸಬೇಕಿತ್ತು.

ಅವರ ಮಜ್ಲಿಸ್, ಅಂದರೆ ಅತಿಥಿಗಳನ್ನು ಕೂರಿಸುವ ಕೋಣೆಯಲ್ಲಿ ನಾನು ಚಕ್ಕಳಮಕ್ಕಳ ಹಾಕಿ ಕೂತೆ. ಉಮ್ ಹಮದ್ ಉದ್ದ ಮೂತಿಯ ಕಾಫಿ ಹೂಜಿಯನ್ನು ಎಡಗೈಯಲ್ಲಿ ಹಿಡಿದು, ಹಿಡಿಯಿಲ್ಲದ ಪುಟ್ಟ ಬಟ್ಟಲಿಗೆ ಸ್ವಲ್ಪ ಬಗ್ಗಿಸಿ, ಮೊದಲು ತಾವು ಕುಡಿದರು. ಅತಿಥಿಗೆ ಕೊಡುವುದನ್ನು ಅತಿಥಿಯ ಕಣ್ಣೆದುರು ತಾನು ಮೊದಲು ಕುಡಿಯಬೇಕು ಎಂಬುದು ಅವರ ಪದ್ಧತಿ. ಆಮೇಲೆ ನನಗೆ ಕೊಟ್ಟರು. ಏಲಕ್ಕಿ ಹಾಕಿದ, ಸಕ್ಕರೆಯಿಲ್ಲದ ಕಹಿ ಕಾಫಿ. ಸಿಹಿಗೆ ಖರ್ಜೂರದ ತಟ್ಟೆ. ಅತಿಥಿಯನ್ನು ಒಂಟಿಯಾಗಿ ತಿನ್ನಲು ಬಿಡಬಾರದೆಂದು ನಾನು ಒಂದು ತಿಂದರೆ ಅವರೂ ಒಂದು ತಿಂದರು. ಹಾಗೆ ಮೂರೋ ನಾಲ್ಕೋ ಆಯಿತು. ನನ್ನ ಊರು, ಗಂಡ, ಮಗಳು, ಕಡಲಿನ ಬಣ್ಣ ಎಲ್ಲ ವಿಚಾರಿಸಿಕೊಂಡರು. ಮುಕ್ಕಾಲು ಗಂಟೆಯ ಮೇಲೆ, "ಇನ್ನು ನಿನ್ನ ಕೆಲಸ ಮಾಡು" ಎಂದರು.

ನಾನು ಫಾರ್ಮು ತೆಗೆದು ಹನ್ನೊಂದನೆಯ ಪ್ರಶ್ನೆ ಕೇಳಿದೆ: "ನಿನ್ನೆ ರಾತ್ರಿ ಊಟದ ನಂತರ ಏನಾದರೂ ತಿಂದಿದ್ದೀರಾ?"

"ಇಲ್ಲ. ತಿನ್ನಬೇಡಿ ಎಂದು ನೀನು ಫೋನಿನಲ್ಲಿ ಹೇಳಿದ್ದೆಯಲ್ಲ. ಇನ್ನೂ ಯಾರಿಗೂ ತಿಂಡಿ ಆಗಿಲ್ಲ."

ನಾನು 'ಖಾಲಿ ಹೊಟ್ಟೆ' ಎಂದು ಗುರುತು ಹಾಕಿ ಸಹಿ ಮಾಡಿದೆ. ಖರ್ಜೂರದ ಬೀಜಗಳು ನಮ್ಮಿಬ್ಬರ ನಡುವಿನ ತಟ್ಟೆಯಲ್ಲಿದ್ದವು. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ ಎನ್ನುತ್ತಾರೆ. ನನಗೆ ಆವತ್ತು ಕನ್ನಡಿಯೇ ಬೇಕಿತ್ತು. ಆ ಸುತ್ತಿನ ಮನೆಗಳಲ್ಲೆಲ್ಲ ಇದೇ ಕ್ರಮದಲ್ಲಿ ಕಾಫಿ, ಖರ್ಜೂರ, ಮಾತು, ಆಮೇಲೆ ರಕ್ತ. ಎಲ್ಲ ಫಾರ್ಮಿನಲ್ಲೂ ನನ್ನ ಸಹಿ.

ಫಲಿತಾಂಶ ಬಂದಾಗ ಆ ಭಾಗದ ಹೆಂಗಸರಲ್ಲಿ ಸಕ್ಕರೆ ಏರಿದವರು ಬಹಳ ಮಂದಿ. ಡಾಕ್ಟರ್ ಇದ್ರೀಸ್ ಚಿಂತೆಯಿಂದ ತಲೆ ಅಲ್ಲಾಡಿಸಿದರು. ನಿಯಮದಂತೆ ಒಬ್ಬೊಬ್ಬರಿಗೂ ಕಾಗದ ಹೋಯಿತು, ಹತ್ತಿರದ ಕ್ಲಿನಿಕ್ಕಿಗೆ ತೋರಿಸಿ ಎಂದು. ಉಮ್ ಹಮದ್ ಆ ಕಾಗದ ಹಿಡಿದು ಹೋದರು. ಅಲ್ಲಿ ಮತ್ತೊಮ್ಮೆ ಪರೀಕ್ಷೆಯಾಗಿ, ಬೆಳಿಗ್ಗೆ ಮನೆಗೆ ಬಂದ ನಾದಿನಿಗೆ ಕಾಫಿ, ಖರ್ಜೂರ ಕೊಟ್ಟೇ ಹೋಗಿದ್ದ ಅವರಿಗೆ ಸಕ್ಕರೆ ಏರಿದ್ದು ಮತ್ತೊಮ್ಮೆ ಕಂಡಿತು. ಖಾಲಿ ಹೊಟ್ಟೆಯೇ ಎಂದು ಡಾಕ್ಟರ್ ಕೇಳಿದ್ದಕ್ಕೆ ಹೌದೆಂದರು. ಮಾತ್ರೆ ಶುರುವಾಯಿತು.

ಕೆಲವು ತಿಂಗಳ ನಂತರ ಮಾರಿತ್ ಎಂಬ ಡಾಕ್ಟರಮ್ಮ ನಾರ್ವೆಯ ಉತ್ತರದ ತುದಿಯಿಂದ ನಮ್ಮ ಸಮೀಕ್ಷೆಗೆ ಸಲಹೆ ಕೊಡಲು ಎರಡು ವಾರಕ್ಕೆ ಬಂದರು. ಹಿಮದಲ್ಲಿ ಸಾರಂಗ ಮೇಯಿಸಿಕೊಂಡು ಬಂದ ಸಾಮಿ ಎಂಬ ಮೂಲನಿವಾಸಿಗಳಿದ್ದಾರಲ್ಲ, ಅವರ ಆರೋಗ್ಯದ ಬಗ್ಗೆಯೇ ಕೆಲಸ ಮಾಡಿದವರು. ಅವರೇ ಸಾಮಿ. ಮೊಯ್ದೀನ್ ಒಂಟೆಗಳನ್ನು ತೋರಿಸಿದಾಗ ಗಾಡಿ ನಿಲ್ಲಿಸಿ, ಯಾವುದರ ಕಿವಿಯಲ್ಲಿ ಯಾರ ಗುರುತು ಎಂದು ವಿಚಾರಿಸಿದರು. "ಇವ್ರು ನಮ್ಮವ್ರೇ ಅಕ್ಕ, ಬಿಳಿ ಬಣ್ಣ ಅಷ್ಟೇ" ಎಂದು ಮೊಯ್ದೀನ್ ನನ್ನ ಕಿವಿಯಲ್ಲಿ ಹೇಳಿದರು.

ಮಾರಿತ್‌ರನ್ನು ಕರೆದುಕೊಂಡು ಉಮ್ ಹಮದ್ ಅವರ ಮನೆಗೆ ಹೋದೆ. ಕಾಫಿ ಬಂತು. ಆದರೆ ಹೂಜಿ ಸೊಸೆಯ ಕೈಯಲ್ಲಿತ್ತು. ಸೊಸೆ ಮೊದಲು ತಾನು ಕುಡಿದು ನಮಗೆ ಕೊಟ್ಟಳು. ಉಮ್ ಹಮದ್ ಬಾಗಿಲಿನ ಪಕ್ಕ, ಸೊಸೆ ಕೂರುತ್ತಿದ್ದ ಜಾಗದಲ್ಲಿ ಕೂತಿದ್ದರು. ಎಡಗೈ ಮಣಿಕಟ್ಟಿಗೆ ಪಟ್ಟಿ ಸುತ್ತಿತ್ತು. ಮಾತ್ರೆ ಶುರುವಾದ ಮೇಲೆ ಒಂದು ದಿನ ಆಡಿನ ದೊಡ್ಡಿಯಲ್ಲಿ ತಲೆಸುತ್ತಿ ಬಿದ್ದರಂತೆ.

"ಹೂಜಿ ಯಾಕೆ ಕೊಟ್ಟಿರಿ?" ಎಂದು ಕೇಳಿದೆ.

"ನನಗೆ ಸಕ್ಕರೆ ಎಂದು ನಿನ್ನ ಕಾಗದ ಹೇಳಿತು. ಖರ್ಜೂರ ಮುಟ್ಟಬೇಡ ಎಂದು ಕ್ಲಿನಿಕ್ಕಿನವರು ಹೇಳಿದರು. ಅತಿಥಿಯ ಮುಂದೆ ತಟ್ಟೆ ಇಟ್ಟು ತಾನು ಬಾಯಿ ಮುಚ್ಚಿಕೊಂಡು ಕೂರುವವಳು ಮನೆಯೊಡತಿಯೇ? ನನ್ನ ಅತ್ತೆ ಸಾಯುವ ಹಿಂದಿನ ದಿನ ಈ ಹೂಜಿಯನ್ನು ನನ್ನ ಕೈಗೆ ಕೊಟ್ಟಿದ್ದು. ನಾನು ಸ್ವಲ್ಪ ಬೇಗ ಕೊಟ್ಟೆ, ಅಷ್ಟೇ."

ದೂರು ಹೇಳುವ ದನಿಯಲ್ಲ ಅದು. ಅದಕ್ಕೇ ನನಗೆ ಹೆಚ್ಚು ಸಂಕಟವಾಯಿತು. ಆದರೂ ಕಾಯಿಲೆ ಎಂದ ಮೇಲೆ ಪಥ್ಯ ಇರಲೇಬೇಕಲ್ಲ ಎಂದು ಸಮಾಧಾನ ಮಾಡಿಕೊಂಡೆ.

ಹಿಂದಿರುಗುವಾಗ ಮಾರಿತ್ ತಮ್ಮ ಅಜ್ಜಿಯ ಕತೆ ಹೇಳಿದರು. ಅಜ್ಜಿ ಶಾಲೆಯಲ್ಲಿದ್ದಾಗ ದೂರದಿಂದ ಬಂದ ಗಂಡಸರು ಮಕ್ಕಳನ್ನು ಸಾಲಾಗಿ ನಿಲ್ಲಿಸಿ ತಲೆಯ ಸುತ್ತಳತೆ ತೆಗೆದುಕೊಂಡು ಹೋದರಂತೆ. "ಅಜ್ಜಿ ತೊಂಬತ್ತು ವರ್ಷ ಬದುಕಿದಳು. 'ಅವರು ನನ್ನ ತಲೆಯಲ್ಲಿ ಏನು ಕಂಡರು, ಯಾಕೆ ಯಾರೂ ಬಂದು ಹೇಳಲಿಲ್ಲ' ಎಂದು ಕೊನೆಯವರೆಗೂ ಕೇಳುತ್ತಿದ್ದಳು." ಆಮೇಲೆ ನನ್ನ ಕಡೆ ತಿರುಗಿ, "ಆ ಹೆಂಗಸು ನಿಮ್ಮನ್ನು ಏನೋ ಕೇಳಿದರು, ನೀವು ಉತ್ತರ ಕೊಡಲಿಲ್ಲ" ಎಂದರು. ಅವರಿಗೆ ಅರಬ್ಬಿ ಬಾರದು. ಮುಖ ನೋಡಿಯೇ ತಿಳಿದುಕೊಂಡಿದ್ದರು.

ಉತ್ತರ ನನ್ನ ಮನೆಯಲ್ಲೇ ಇತ್ತು. ಅದೇ ವಾರದ ಕೊನೆಗೆ ನನ್ನ ಗಂಡ ಸದಾನಂದರಿಗೆ ಇನ್ಶೂರೆನ್ಸಿನ ರಕ್ತ ಪರೀಕ್ಷೆ ಇತ್ತು. ಲ್ಯಾಬಿಗೆ ಹೊರಡುವಾಗ, "ಏನೂ ತಿನ್ಲಿಲ್ಲ ಅಲ್ವಾ?" ಎಂದು ಕೇಳಿದೆ.

"ಇಲ್ಲ ಮಾರಾಯ್ತಿ. ಬೆಳಿಗ್ಗೆಯಿಂದ ಖಾಲಿ ಹೊಟ್ಟೆ. ಒಂದು ಕಾಫಿ ಕುಡಿದೆ ಅಷ್ಟೇ."

"ಕಾಫಿ ಕುಡಿದ್ರಾ?"

"ಕಾಫಿ ಎಂತ ತಿಂದ ಹಾಗಾ? ಜೊತೆಗೆ ಎರಡು ಬಿಸ್ಕುಟ್, ಬರೀ ಕಾಫಿ ಕುಡಿದ್ರೆ ಗ್ಯಾಸ್ ಆಗ್ತದೆ ಅಂತ ನೀನೇ ಹೇಳುದಲ್ವಾ."

ಬೈಯಲು ಬಾಯಿ ತೆರೆದವಳು ಹಾಗೇ ಕುರ್ಚಿಯಲ್ಲಿ ಕೂತೆ. ನನ್ನ ಅತ್ತೆ ಏಕಾದಶಿಯ ದಿನ ಉಪವಾಸವೆಂದು ಎರಡು ಸಲ ಕಾಫಿ, ಬಾಳೆಹಣ್ಣು, ಒಂದು ತಟ್ಟೆ ಅವಲಕ್ಕಿ ಮುಗಿಸುತ್ತಿದ್ದರು. ಬೆಳಗಿನ ಕಾಫಿಯನ್ನು ತಿಂದ ಲೆಕ್ಕಕ್ಕೆ ಹಿಡಿಯದ ಮನೆಯಲ್ಲಿ ಬೆಳೆದವಳು ನಾನು. ಯೂರೋಪಿನ ನರ್ಸ್ ಆಗಿದ್ದರೆ ಉಮ್ ಹಮದ್ ಅವರ ಎದುರು ಕೂತು ಖಂಡಿತ ಕೇಳುತ್ತಿದ್ದಳು, ಅಮ್ಮಾ, ನೀವು ಈಗ ತಿಂದಿರಲ್ಲ ಎಂದು. ನನಗೆ ಕೇಳಬೇಕೆಂದೇ ಅನ್ನಿಸಲಿಲ್ಲ. ಅವರ ಪದ್ಧತಿ ನನಗೆ ತೀರಾ ಪರಕೀಯವಾಗಿದ್ದರೆ ಕಣ್ಣಿಗೆ ಬೀಳುತ್ತಿತ್ತು. ನಮ್ಮನೆಯ ಹಾಗೇ ಇದ್ದದ್ದರಿಂದ ಕಾಣಿಸಲಿಲ್ಲ.

ಮರುದಿನ ಕಚೇರಿಯಲ್ಲಿ ಫಾರ್ಮುಗಳನ್ನು ಹರಡಿಕೊಂಡು ಕೂತೆ. ನಮ್ಮ ಕೇಂದ್ರಕ್ಕೇ ಬಂದು ರಕ್ತ ಕೊಟ್ಟವರ ಸಕ್ಕರೆ ಹೆಚ್ಚಿನಂಶ ಸರಿಯಾಗಿತ್ತು. ಏರಿದ್ದು ನಾನು ಮಜ್ಲಿಸ್‌ನಲ್ಲಿ ಕೂತು ಕಾಫಿ ಕುಡಿದ ಮನೆಗಳಲ್ಲಿ. ಕೆಲಸ ಹೋದರೆ ವೀಸಾ ಹೋಗುತ್ತದೆ, ಮಗಳ ಓದು ಇನ್ನೂ ಮುಗಿದಿಲ್ಲ. ಇದೆಲ್ಲ ತಲೆಗೆ ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಬಾಗಿಲ ಪಕ್ಕ ಬರಿಗೈಯಲ್ಲಿ ಕೂತ ಆ ಹೆಂಗಸು ಕಣ್ಣ ಮುಂದಿನಿಂದ ಕದಲಲಿಲ್ಲ. ಮಾಡಿದ್ದುಣ್ಣೋ ಮಹಾರಾಯ ಎಂದುಕೊಂಡು ಡಾಕ್ಟರ್ ಇದ್ರೀಸ್ ಕೋಣೆಗೆ ಹೋದೆ.

ಅವರು ಪೂರ್ತಿ ಕೇಳಿದರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಬೈಗುಳಕ್ಕೆ ಸಿದ್ಧಳಾಗಿ ನಿಂತಿದ್ದೆ.

"ಇದು ಯಾರಿಗೆ ಗೊತ್ತು?" ಎಂದು ಕೇಳಿದರು.

"ನನಗೆ. ಈಗ ನಿಮಗೆ."

"ಯಾರಿಗೆ ಮೊದಲು ಗೊತ್ತಾಗಬೇಕಿತ್ತೋ ಅವರಿಗೆ ಇನ್ನೂ ಗೊತ್ತಿಲ್ಲ." ಫೋನು ಎತ್ತಿ ಕ್ಲಿನಿಕ್ಕಿನ ಡಾಕ್ಟರಿಗೆ ಎಲ್ಲ ವಿವರಿಸಿದರು. ಆಮೇಲೆ ಕೆಂಪು ಪೆನ್ನು ತೆಗೆದು, ಮುಂದಿನ ಸಭೆಗೆಂದು ತಯಾರಿಸಿದ್ದ ಪುಟಗಳಿಗೆ ತಾವೇ ಅಡ್ಡಗೆರೆ ಎಳೆದರು. ನನ್ನ ಕಡೆ ನೋಡದೆ ಹೇಳಿದರು: "ನನ್ನ ತಾಯಿಯೂ ಅತಿಥಿಗಳ ಜೊತೆ ತಿಂದದ್ದನ್ನು ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಆ ಪ್ರಶ್ನೆ ಬರೆದವನು ನಾನು. ನನಗೆ ಹೊಳೆಯಬೇಕಿತ್ತು." ಮನಸ್ಸಿನಲ್ಲಿ ಅವರನ್ನು ಬೈದುಕೊಂಡದ್ದನ್ನೆಲ್ಲ ಆ ದಿನ ಹಿಂದಕ್ಕೆ ತೆಗೆದುಕೊಂಡೆ.

ಇನ್ನು ಉಮ್ ಹಮದ್. ಗಾಡಿ ಹತ್ತಿ ಹೊರಟೆವು. ಹೇಗೆ ಶುರು ಮಾಡುವುದು ಎಂದು ಮೊಯ್ದೀನ್‌ರನ್ನು ಕೇಳಿದೆ.

"ಅಕ್ಕ, ಕೇಳ್ಲಿಕ್ಕೆ ದೊಡ್ಡದು ಎಂತಾದ್ರೂ ಉಂಟಾದ್ರೆ ಕಾಫಿ ಕುಡಿಬೇಡಿ. ಕಪ್ ತಗೊಂಡು ಮುಂದೆ ನೆಲದಲ್ಲಿ ಇಡಿ. ಬಾಯಿ ಬಿಡುದೇ ಬೇಡ, ಅವ್ರೇ ಕೇಳ್ತಾರೆ. ಕಪ್ ಕೆಳಗಿಟ್ಟವ್ರ ಮಾತು ಕೇಳದೆ ಅವ್ರು ಕಳಿಸುದಿಲ್ಲ."

ಸೊಸೆ ಕೊಟ್ಟ ಬಟ್ಟಲನ್ನು ಹಾಗೆಯೇ ನೆಲದ ಮೇಲಿಟ್ಟೆ. ಉಮ್ ಹಮದ್ ಬಾಗಿಲ ಪಕ್ಕದಿಂದ ಎದ್ದು ಬಂದು ನನ್ನೆದುರು ಕೂತರು.

"ಹೇಳು. ಏನು ಬೇಕು ನಿನಗೆ?"

"ನಿಮ್ಮ ಕ್ಷಮೆ ಬೇಕು. ಮತ್ತೆ ಇನ್ನೊಂದು ಸಲ ನಿಮ್ಮ ರಕ್ತ ಬೇಕು." ಒಂದೇ ಉಸಿರಿಗೆ ಎಲ್ಲ ಹೇಳಿದೆ. ಆ ಬೆಳಿಗ್ಗೆ ತಿಂದ ಖರ್ಜೂರ ರಕ್ತದಲ್ಲಿ ಕಾಣಿಸಿಕೊಂಡಿತು, ನಾನು ಖಾಲಿ ಹೊಟ್ಟೆ ಎಂದು ಬರೆದೆ, ನಿಮಗೆ ಕಾಯಿಲೆ ಇದೆಯೋ ಇಲ್ಲವೋ ನಮಗೆ ನಿಜವಾಗಿ ಗೊತ್ತಿಲ್ಲ.

"ನಾನು ನಿನ್ನ ಎದುರಿಗೇ ತಿಂದೆನಲ್ಲ."

"ಹೌದು. ನೋಡಿದೆ. ತಿಂದದ್ದು ಎಂದು ಅನ್ನಿಸಲಿಲ್ಲ."

"ನನಗೂ ಅನ್ನಿಸಲಿಲ್ಲ" ಎಂದರು. ಸೊಸೆ ನಕ್ಕುಬಿಟ್ಟಳು. ಅತ್ತೆ ಅವಳತ್ತ ಒಮ್ಮೆ ನೋಡಿದ್ದೇ ನಗು ನಿಂತಿತು. ನನಗೆ ಕಣ್ಣೀರು ಬಂತು. ವಾರ್ಡಿನಲ್ಲಿ ಇಷ್ಟು ವರ್ಷ ಅಳದವಳು ಆ ಜಮಖಾನೆಯ ಮೇಲೆ ಕೂತು ಅತ್ತುಬಿಟ್ಟೆ.

"ಖಲಾಸ್, ಆಯಿತು ಬಿಡು, ಕಾಫಿ ಕುಡಿ" ಎಂದರು. "ರಕ್ತ ಕೊಡುತ್ತೇನೆ. ಆದರೆ ನನ್ನ ಮನೆಗೆ ಬಂದವಳಿಗೆ ಕಾಫಿ ಕೊಡುವ ಮೊದಲು ಸೂಜಿ ತೆಗೆಯಲು ನಾನು ಬಿಡುವುದಿಲ್ಲ. ನಿನಗೆ ಕಾಫಿಗಿಂತ ಮೊದಲು ರಕ್ತ ಬೇಕು. ಅದಕ್ಕೆ ಒಂದೇ ದಾರಿ. ನೀನು ಮನೆ ಮಾಡು, ನಾನು ಬರುತ್ತೇನೆ. ಅಲ್ಲಿ ನೀನು ಹೇಳಿದ ಕ್ರಮ."

ಸಲಹೆಗಾರರು, ಡಾಕ್ಟರುಗಳು ಎಷ್ಟೆಲ್ಲ ಯೋಚಿಸಿದರೂ ಹೊಳೆಯದ ದಾರಿ ಇದು. ಮಾರಿತ್ ಕೇಳಿ, ತಮ್ಮ ನೋಟುಬುಕ್ಕಿನಲ್ಲಿ ಬರೆದುಕೊಳ್ಳದೆ ಸುಮ್ಮನೆ ನಕ್ಕರು. ನನ್ನ ಮನೆಯೆಂದು ಒಂದು ಗುಡಾರ ಹಾಕುವುದೆಂದಾಯಿತು, ಡಾಕ್ಟರ್ ಇದ್ರೀಸ್ ಅದಕ್ಕೆ ಅನುಮತಿ ಕೊಡಿಸಿದರು. ಅಂದಿನಿಂದ ನಮ್ಮ ಫಾರ್ಮಿನಲ್ಲಿ ಹನ್ನೊಂದರ ಕೆಳಗೆ ಇನ್ನೊಂದು ಸಾಲು ಬಂತು: ಅತಿಥಿಗಳ ಜೊತೆ ಏನು ಸೇವಿಸಿದಿರಿ? ಹುಡುಗಿಯರೇ, ನೀವು ಕೆಲಸಕ್ಕೆ ಹೋಗುವ ಊರಿನಲ್ಲಿ ಲೆಕ್ಕಕ್ಕೆ ಹಿಡಿಯದ ತಿನಿಸು ಯಾವುದೆಂದು ಮೊದಲು ಕೇಳಿಕೊಳ್ಳಿ. ನಿಮ್ಮ ಮನೆಯಲ್ಲಿ ಯಾವುದು ಎಂಬುದನ್ನೂ.

ಕ್ಲಿನಿಕ್ಕಿನ ಡಾಕ್ಟರು ಉಮ್ ಹಮದ್ ಅವರನ್ನು ಪರೀಕ್ಷಿಸಿ ಮಾತ್ರೆ ನಿಲ್ಲಿಸಿದರು. ಮಾತ್ರೆಯ ಪ್ರಭಾವ ಇಳಿಯಲೆಂದು ಕೆಲವು ವಾರ ಕಾದೆವು. ಹೂಜಿ ಅಷ್ಟು ದಿನವೂ ಸೊಸೆಯ ಕೈಯಲ್ಲೇ ಇತ್ತು. ಸಂಶಯ ಇರುವಷ್ಟು ದಿನ ಮುಟ್ಟುವುದಿಲ್ಲ ಎಂದು ಅವರದು ಒಂದೇ ಹಟ.

ಅವರ ಮನೆಯಿಂದ ಕೂಗಳತೆಯ ದೂರದಲ್ಲಿ ಮೊಯ್ದೀನ್ ಗುಡಾರ ಹಾಕಿದರು. ಬೆಳಕು ಹರಿಯುವ ಹೊತ್ತಿಗೆ ಹೆಂಗಸರು ಮರಳಿನ ಮೇಲೆ ನಡೆದು ಬಂದರು. ಎಲ್ಲರಿಗಿಂತ ಮುಂದೆ ಉಮ್ ಹಮದ್. ಬಂದವರು ಅತಿಥಿಗಳಂತೆ ಸುಮ್ಮನೆ ಕೂತರು. ಕಾಫಿ ಎಲ್ಲಿ ಎಂದು ಯಾರೂ ಕೇಳಲಿಲ್ಲ. ಒಬ್ಬೊಬ್ಬರದೇ ರಕ್ತ ತೆಗೆದೆ. ಮೂರು ತಿಂಗಳ ಸಕ್ಕರೆ ತೋರಿಸುವ ಪರೀಕ್ಷೆಯ ಸಣ್ಣ ಯಂತ್ರವನ್ನೂ ತಂದಿದ್ದೆವು. ಆ ಬೆಳಿಗ್ಗೆ ಕೆಲವರಿಗೆ ಸಕ್ಕರೆ ಇರುವುದು ನಿಜವೆಂದೇ ಗೊತ್ತಾಯಿತು. ಅವರ ಪಕ್ಕ ಕೂತು ಬಿಡಿಸಿ ಹೇಳಿದೆ. ಉಮ್ ಹಮದ್ ಬೆರಳಿಗೆ ಹತ್ತಿ ಒತ್ತಿಕೊಂಡು ಕಾಯುತ್ತಿದ್ದರು. ಯಂತ್ರದ ಕಡೆ ನೋಡಲಿಲ್ಲ, ನನ್ನ ಮುಖವನ್ನೇ ನೋಡುತ್ತಿದ್ದರು.

"ನಿಮಗೆ ಸಕ್ಕರೆ ಇಲ್ಲ" ಎಂದೆ.

ಅವರು ತಲೆಯಾಡಿಸಿದರು, ಅಷ್ಟೇ. ನಾನು ಫ್ಲಾಸ್ಕಿನಿಂದ ಹೂಜಿಗೆ ಹುಯ್ದಿಟ್ಟಿದ್ದ ಕಾಫಿಯನ್ನು ಬಟ್ಟಲಿಗೆ ಬಗ್ಗಿಸಿ ಎರಡೂ ಕೈಯಲ್ಲಿ ಅವರ ಮುಂದೆ ಹಿಡಿದೆ. ತೆಗೆದುಕೊಳ್ಳಲಿಲ್ಲ. ಉಳಿದ ಹೆಂಗಸರೂ ನನ್ನನ್ನೇ ನೋಡಿದರು.

"ಮನೆ ನಿನ್ನದು" ಎಂದರು. "ಮೊದಲು ನೀನು."

ಕುಡಿದೆ. ಏಲಕ್ಕಿ ಅತಿಯಾಗಿತ್ತು, ಕಾಫಿ ನೀರು ನೀರಾಗಿತ್ತು. ಒಂದು ಖರ್ಜೂರ ತಿಂದೆ. ಆಮೇಲೆ ಅವರಿಗೆ ಕೊಟ್ಟೆ. ಅವರು ಕುಡಿದು, ತಟ್ಟೆಯಿಂದ ಒಂದು ಖರ್ಜೂರ ಎತ್ತಿ, ಬಾಯಿಗೆ ಹಾಕಿಕೊಂಡು, ನಿಧಾನವಾಗಿ ತಿಂದು, ಬೀಜವನ್ನು ನನ್ನ ಬೀಜದ ಪಕ್ಕ ಇಟ್ಟರು.

"ನಿನ್ನ ಕಾಫಿ ಚೆನ್ನಾಗಿಲ್ಲ" ಎಂದು ಸೊಸೆಯ ಕಡೆ ನೋಡಿದರು. ಅವಳು ಎದ್ದು ಹೋಗಿ ಮನೆಯಿಂದ ಅವರ ಹೂಜಿಯನ್ನು ತಂದಳು. ಉಮ್ ಹಮದ್ ಅದನ್ನು ಪಟ್ಟಿ ಬಿಚ್ಚಿದ ಎಡಗೈಗೆ ತೆಗೆದುಕೊಂಡು, ಬಟ್ಟಲಿಗೆ ಸ್ವಲ್ಪ ಬಗ್ಗಿಸಿ, ನನ್ನ ಗುಡಾರದಲ್ಲೇ, ನಮ್ಮೆಲ್ಲರ ಎದುರಿಗೆ, ಮೊದಲು ತಾವು ಕುಡಿದರು.